ರಗ್ಬಿ ಪಂದ್ಯವನ್ನು ರಂಗದ ಮೇಲೆ ತೋರಿಸುವುದು ಹೇಗೆ? (24 ಅಡಿ ವೇದಿಕೆ, 9 ಜನ ನಟರು)

ಅರೆಪರದೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಹವ್ಯಾಸಿ ರಂಗತಂಡ. ಈಗ ಕೈಗೆತ್ತಿಕೊಂಡಿರುವುದು ನಮ್ಮವರೇ ಬರೆದ ಹೊಸ ನಾಟಕ, ಸೋಲುತ್ತಲೇ ಬಂದ ಒಂದು ರಗ್ಬಿ ತಂಡದ ಕಥೆ. ಮೊದಲ ಅಂಕ ಪೂರ್ತಿ ಡ್ರೆಸ್ಸಿಂಗ್ ರೂಮಿನಲ್ಲಿ, ಮಾತಿನ ಮೇಲೇ ನಡೆಯುತ್ತದೆ. ಅದರ ಬಗ್ಗೆ ಚಿಂತೆ ಇಲ್ಲ. ಎರಡನೇ ಅಂಕದಲ್ಲಿ ಹನ್ನೆರಡು ನಿಮಿಷದ ಪಂದ್ಯ ಬರುತ್ತದೆ. ಸಿಕ್ಕಿಹಾಕಿಕೊಂಡಿರುವುದು ಅಲ್ಲೇ.

ವೇದಿಕೆ 24 ಅಡಿ ಅಗಲ, 18 ಅಡಿ ಆಳ, ಮರದ ನೆಲ. ದೀಪ ಕಟ್ಟುವ ಪೈಪು ನೆಲದಿಂದ 12 ಅಡಿ ಎತ್ತರದಲ್ಲಿದೆ. ನಟರು 9 ಜನ, ಅದರಲ್ಲಿ ಮೂವರು ಹೆಣ್ಣುಮಕ್ಕಳು, ಇಬ್ಬರಿಗೆ ಐವತ್ತು ದಾಟಿದೆ. ಈ ಒಂಬತ್ತು ಜನರಲ್ಲೇ ಎರಡೂ ತಂಡ, ರೆಫರಿ ಎಲ್ಲ ಆಗಬೇಕು. ಸ್ಕ್ರಮ್ (ಎರಡೂ ತಂಡದವರು ಬಗ್ಗಿ, ಹೆಣೆದುಕೊಂಡು ಚೆಂಡಿಗಾಗಿ ತಳ್ಳಾಡುವುದು), ಟ್ಯಾಕಲ್ (ಚೆಂಡು ಹಿಡಿದು ಓಡುವವನನ್ನು ಹಿಡಿದು ಬೀಳಿಸುವುದು), ಲೈನ್‌ಔಟ್ (ಆಚೆ ಹೋದ ಚೆಂಡನ್ನು ಎರಡು ಸಾಲಿನ ನಡುವೆ ಎಸೆದಾಗ ಹಾರಿ ಹಿಡಿಯುವುದು) ಮೂರೂ ಇರಲೇಬೇಕು ಅಂತ ಬರೆದವರ ಹಟ. ಕೊನೆಯ ಗಳಿಗೆಯ ಕನ್ವರ್ಷನ್ ಕಿಕ್ (ಟ್ರೈ, ಅಂದರೆ ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸಿದ ಮೇಲೆ ಗೋಲ್ ಕಂಬದ ನಡುವೆ ಒದೆಯುವ ಅವಕಾಶ) ಮೇಲೆ ನಾಟಕ ಮುಗಿಯುತ್ತದೆ. ಚೆಂಡನ್ನು ನಿಜವಾಗಿ ಒದೆಯುವ ಹಾಗಿಲ್ಲ, ಸಭಿಕರ ಮೊದಲ ಸಾಲು ಆರೇ ಅಡಿ ದೂರ.

ಯಾರಿಗೂ ಪೆಟ್ಟಾಗಬಾರದು, ಆಟ ಗೊತ್ತಿರುವವರು ನೋಡಿದರೆ ನಗಬಾರದು. ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಪಟ್ಟುಗಾರ:

ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ: ರಂಗದ ಮೇಲೆ ಯಾರೂ ರಗ್ಬಿ ಆಡುವುದಿಲ್ಲ. ಆಟದಲ್ಲಿ ಮೈಭಾರವೆಲ್ಲ ಎದುರಾಳಿಯ ಮೇಲೆ ಬೀಳುತ್ತದೆ. ನಾಟಕದಲ್ಲಿ ಪ್ರತಿಯೊಬ್ಬರ ಭಾರ ಅವರವರ ಕಾಲ ಮೇಲೇ ಇರಬೇಕು. ಎರಡನೆಯದು, ಸೋಲುವವರೇ ಚಲನೆಯನ್ನು ನಡೆಸಬೇಕು. ತಳ್ಳಿಸಿಕೊಳ್ಳುವವನು ತಾನೇ ಹಿಂದೆ ಹೆಜ್ಜೆ ಇಡುತ್ತಾನೆ, ತಳ್ಳುವವನು ಹಿಂಬಾಲಿಸುತ್ತಾನೆ. ಬೀಳುವವನು ತಾನಾಗಿ ಬೀಳುತ್ತಾನೆ, ಬೀಳಿಸುವವನು ಜೊತೆಗೆ ಇಳಿಯುತ್ತಾನೆ. ತಾಲೀಮಿನಲ್ಲಿ ಯಾರಿಗಾದರೂ ನೋವಾಯಿತು ಅಂದರೆ ಈ ಎರಡರಲ್ಲಿ ಒಂದು ತಪ್ಪಿದೆಯೇ ಅಂತ ಮೊದಲು ನೋಡಿ.

ಸ್ಕ್ರಮ್: ನಿಜವಾದ ಆಟದಲ್ಲಿ ಒಂದೊಂದು ಕಡೆ ಎಂಟು ಜನ. ನಿಮಗೆ ಮೂವರ ಎದುರು ಮೂವರು ಸಾಕು. ಉಳಿದ ಮೂವರಲ್ಲಿ ಒಬ್ಬರು ರೆಫರಿ, ಒಬ್ಬರು ಚೆಂಡು ಉರುಳಿಸುವ ಸ್ಕ್ರಮ್ ಹಾಫ್, ಇನ್ನೊಬ್ಬರು ನಿಮ್ಮ ನಾಯಕ ತಂಡದ ಹಿಂದೆ ಲಾಕ್, ಅಂದರೆ ಮುಂದಿನ ಸಾಲನ್ನು ಹಿಂದಿನಿಂದ ತಳ್ಳುವವರು. ಎರಡು ಸಾಲುಗಳನ್ನು ಸಭಿಕರಿಗೆ ನೇರ ಅಡ್ಡಲಾಗಿ ಎಡ-ಬಲಕ್ಕೆ ನಿಲ್ಲಿಸಬೇಡಿ, ಹತ್ತಿರದ ಇಬ್ಬರ ಪಕ್ಕೆ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಸುಮಾರು 45 ಡಿಗ್ರಿ ಓರೆ ಮಾಡಿ, ನಿಮ್ಮ ತಂಡದ ಮುಖ ಸಭಿಕರ ಕಡೆಗಿರಲಿ.

ರೆಫರಿಯ ಮೂರು ಕರೆಗಳೇ ನಿಮ್ಮ ಕ್ಯೂ. "ಕ್ರೌಚ್" ಅಂದಾಗ ಪಾದಗಳು ಭುಜದಷ್ಟು ಅಗಲ, ಮಂಡಿ ಬಾಗಿರಬೇಕು, ಬೆನ್ನು ಚಪ್ಪಟೆ, ಗಲ್ಲ ಮೇಲೆ. ಭುಜ ಯಾವತ್ತೂ ಸೊಂಟಕ್ಕಿಂತ ಕೆಳಗೆ ಹೋಗಬಾರದು. "ಬೈಂಡ್" ಅಂದಾಗ ಅಂಚಿನ ಇಬ್ಬರು, ಅಂದರೆ ಪ್ರಾಪ್‌ಗಳು, ಹೊರಗಿನ ಕೈಯಿಂದ ಎದುರಿನವರ ಜರ್ಸಿಯನ್ನು ಪಕ್ಕೆ ಅಥವಾ ಬೆನ್ನಿನ ಬಳಿ ಹಿಡಿಯುತ್ತಾರೆ. ತೋಳು, ಕಾಲರ್ ಹಿಡಿಯುವುದು ಆಟದ ನಿಯಮಕ್ಕೂ ವಿರುದ್ಧ. "ಸೆಟ್" ಅಂದಾಗ ಪ್ರತಿಯೊಬ್ಬರ ತಲೆ ಎದುರಿನವರ ತಲೆಯ ಎಡಕ್ಕೆ ಹೋಗುತ್ತದೆ. ಆಟದಲ್ಲಿ ಭುಜ ಭುಜಕ್ಕೆ ಬಡಿಯುವುದು ಇಲ್ಲೇ. ನೀವು ಇಲ್ಲಿ ನಾಲ್ಕು ಬೆರಳಿನಷ್ಟು ಜಾಗ ಬಿಡಿ, ಎಲ್ಲರೂ ಒಟ್ಟಿಗೆ ಜೋರಾಗಿ ಉಸಿರು ಬಿಡಿ, ಒಂದೊಂದು ಕಾಲನ್ನು ನೆಲಕ್ಕೆ ಅಪ್ಪಳಿಸಿ. ಸಭಿಕರಿಗೆ ಗುದ್ದಿದ ಹಾಗೇ ಕೇಳಿಸುತ್ತದೆ.

ತಳ್ಳಾಟಕ್ಕೆ ಹೆಜ್ಜೆ 10 ಸೆಂಟಿಮೀಟರಿಗಿಂತ ದೊಡ್ಡದಾಗಬಾರದು. ಎರಡು ಹೆಜ್ಜೆ ಹಿಂದೆ, ನಿಲ್ಲು, ಒಂದು ಹೆಜ್ಜೆ ಮುಂದೆ. ಲೆಕ್ಕವನ್ನು ಸ್ಕ್ರಮ್ ಹಾಫ್ ತನ್ನ ಮಾತಿನಲ್ಲೇ ಸೇರಿಸಿ ಕೂಗಲಿ, ಬಗ್ಗಿದವರಿಗೆ ಏನೂ ಕಾಣುತ್ತಿರುವುದಿಲ್ಲ.

ಅಪಾಯ ಇರುವುದು ಸ್ಕ್ರಮ್ ಕುಸಿಯುವಾಗ. ನಡುವಿನ ಹೂಕರ್‌ನ ಎರಡೂ ಕೈ ಪಕ್ಕದವರ ಬೆನ್ನ ಮೇಲಿರುತ್ತವೆ, ಬಿದ್ದರೆ ಊರಿಕೊಳ್ಳಲು ಕೈಯೇ ಇಲ್ಲ. ಆಗ ಭಾರ ಕತ್ತಿನ ಮೇಲೆ ಬೀಳುತ್ತದೆ. ಹಾಗಾಗಿ ಕುಸಿತದ ಕ್ರಮ ಹೀಗಿರಲಿ: ಮೊದಲು ಎದುರು ಸಾಲುಗಳು ಒಂದು ಹೆಜ್ಜೆ ಬಿಡಿಸಿಕೊಳ್ಳಬೇಕು, ಆಮೇಲೆ ಹೂಕರ್ ಎರಡೂ ಕೈ ಬಿಡಬೇಕು, ನಂತರ ಎಲ್ಲರೂ ಒಂದು ಮಂಡಿ, ಅಂಗೈ, ಕೊನೆಗೆ ಪಕ್ಕೆ. ತಲೆ ಸಿಕ್ಕಿಕೊಂಡಿರುವಾಗ ಕುಸಿಯುವ ದೃಶ್ಯ ಎಷ್ಟೇ ಚೆನ್ನಾಗಿದ್ದರೂ ಕೈಬಿಡಿ.

ಟ್ಯಾಕಲ್: ಮೊದಲು ಕಣ್ಣು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ ಮೇಲೇ ಚಲನೆ ಶುರು. ಬೀಳಿಸುವವನ ತಲೆ ಯಾವಾಗಲೂ ಓಡುವವನ ಹಿಂಭಾಗಕ್ಕೆ, ಕೆನ್ನೆ ಸೊಂಟದ ಹಿಂದೆ. ತಲೆ ಮುಂದೆ ಬಂದರೆ ಮಂಡಿಯೇಟು ಖಂಡಿತ. ಎರಡೂ ಕೈ ತೊಡೆಯ ಸುತ್ತ ಬರುತ್ತವೆ, ಬಿಗಿಯುವುದಿಲ್ಲ. ಓಡುವವನು ತಾನೇ ಮಂಡಿ ಮಡಿಸಿ ಇಳಿಯುತ್ತಾನೆ: ಮೀನಖಂಡದ ಪಕ್ಕ, ತೊಡೆಯ ಪಕ್ಕ, ಪೃಷ್ಠ, ಬೆನ್ನಿನ ಪಕ್ಕ, ಇದೇ ಕ್ರಮ. ಮಂಡಿಚಿಪ್ಪು, ಮೊಣಕೈ, ಚಾಚಿದ ಅಂಗೈ ಮೂರೂ ನೆಲಕ್ಕೆ ಮೊದಲು ತಾಗಬಾರದು. ಚಾಚಿದ ಕೈ ಮೇಲೆ ಬೀಳುವುದು ಎಲ್ಲರಿಗೂ ಸಹಜವಾಗಿ ಬರುವ ಚಾಳಿ, ಮಣಿಕಟ್ಟು ಮುರಿಯುವುದು ಅದರಿಂದಲೇ. ಚೆಂಡು ಬೀಳುವ ಪಕ್ಕೆಯ ಕೆಳಗೆ ಸಿಕ್ಕದಂತೆ ಇನ್ನೊಂದು ಕಂಕುಳಲ್ಲಿರಲಿ.

ಇದನ್ನು ಮಂಡಿಯೂರಿ ಕೂತು ಕಲಿಯಿರಿ, ಆಮೇಲೆ ಅರ್ಧ ಬಗ್ಗಿ, ಆಮೇಲೆ ನಡೆಯುತ್ತಾ. ಓಟ ಕೊನೆಗೆ, ಅದೂ ಮೂರು ಹೆಜ್ಜೆಯ ಓಟ ಸಾಕು. "ಧಡ್" ಅನ್ನುವ ಸದ್ದನ್ನು ಬೀಳುವವರಿಂದ ಬಯಸಬೇಡಿ. ವಿಂಗ್‌ನಲ್ಲಿ (ವೇದಿಕೆಯ ಪಕ್ಕದ ಮರೆಯಲ್ಲಿ) ಒಬ್ಬರು ಟೊಳ್ಳು ಮರದ ಪೆಟ್ಟಿಗೆಯ ಮೇಲೆ ಕಾಲು ಕುಟ್ಟಲಿ. ಬಿದ್ದ ಕ್ಷಣಕ್ಕಲ್ಲ, ಮೈ ತಾಗಿದ ಕ್ಷಣಕ್ಕೆ ಕುಟ್ಟಬೇಕು.

ಲೈನ್‌ಔಟ್: ನಿಮ್ಮ ಪೈಪಿನ ಎತ್ತರ ನೋಡಿದರೆ ಎತ್ತಿ ಹಿಡಿಯುವುದು ಬೇಡವೇ ಬೇಡ. 12 ಅಡಿ ಪೈಪಿನಿಂದ ದೀಪ ಒಂದೂವರೆ ಅಡಿ ಕೆಳಗೆ ತೂಗುತ್ತದೆ. ಇಬ್ಬರು ಸೇರಿ ಎತ್ತಿದವನ ಚಾಚಿದ ಕೈ ಸುಲಭವಾಗಿ ಅಲ್ಲಿಗೆ ಮುಟ್ಟುತ್ತದೆ, ಆ ದೀಪ ಕಾದಿರುತ್ತದೆ. ಬದಲಿಗೆ ಸಾಲಿನ ಹಿಂದೆ 45 ಸೆಂಟಿಮೀಟರ್ ಎತ್ತರದ ಗಟ್ಟಿ ಪೆಟ್ಟಿಗೆ ಇಡಿ, ತಳಕ್ಕೆ ರಬ್ಬರ್ ಅಂಟಿಸಿ. ಹಾರುವವರು ಅದರ ಮೇಲೆ ಹತ್ತುತ್ತಾರೆ, ಮುಂದಿನವರು ತೊಡೆ ಹಿಡಿದು ಎತ್ತಿದಂತೆ ಕಾಣಿಸುತ್ತಾರೆ. ಹತ್ತುವುದಕ್ಕೆ ಒಂದು ಎಣಿಕೆ, ಮೇಲೆ ನಿಲ್ಲುವುದಕ್ಕೆ ಎರಡು, ಇಳಿಯುವುದಕ್ಕೆ ಮೂರು. ಅವಸರದಲ್ಲಿ ಇಳಿದರೆ ಗುಟ್ಟು ಬಯಲಾಗುತ್ತದೆ.

ಒಂದು ನಿಮಿಷದ ಚಲನೆಗೆ ಎರಡು-ಮೂರು ಗಂಟೆ ತಾಲೀಮು ಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ಅಷ್ಟು ಸಮಯ ಇಲ್ಲದಿದ್ದರೆ ಪಂದ್ಯವನ್ನು ಚಿಕ್ಕದು ಮಾಡಿ, ತಾಲೀಮನ್ನಲ್ಲ.

ಒಂಬತ್ತನೇ ನಂಬರ್:

ಪಟ್ಟುಗಾರ ಅವರು ಮೈಯ ವಿಷಯ ಪೂರ್ತಿ ಹೇಳಿದ್ದಾರೆ. ನಾನು ಆಟದ ಕಡೆಯಿಂದ ಹೇಳುತ್ತೇನೆ.

ಆಟ ಬಲ್ಲವರು ಮೊದಲು ಹಿಡಿಯುವ ತಪ್ಪು ಚೆಂಡನ್ನು ಮುಂದಕ್ಕೆ ಎಸೆಯುವುದು. ರಗ್ಬಿಯಲ್ಲಿ ಕೈಯಿಂದ ಕೊಡುವ ಪಾಸ್ ಮುಂದಕ್ಕೆ ಹೋಗುವ ಹಾಗಿಲ್ಲ. ಇದು ನಿಮ್ಮ ಪುಟ್ಟ ವೇದಿಕೆಗೆ ವರ. ಓಡುವವರು ಸಭಿಕರ ಬಲಮೂಲೆಯಿಂದ ಹಿಂಪರದೆಯ ಎಡಮೂಲೆವರೆಗೆ ಓರೆ ಸಾಲಿನಲ್ಲಿ ನಿಂತು, ಇದ್ದಲ್ಲೇ ಓಡಲಿ. ಚೆಂಡು ಮುಂದಿನವರಿಂದ ಹಿಂದಿನವರಿಗೆ ಸಾಗುತ್ತದೆ. ನಿಜವಾದ ಆಟದಲ್ಲೂ ಬ್ಯಾಕ್‌ಗಳು (ಸ್ಕ್ರಮ್‌ನ ತಳ್ಳಾಟಕ್ಕೆ ಸೇರದೆ ಹಿಂದೆ ನಿಲ್ಲುವ ಆಟಗಾರರು) ನಿಲ್ಲುವುದು ಹೀಗೇ ಓರೆಯಾಗಿ. ಎಲ್ಲರ ಮುಖವೂ ಕಾಣುತ್ತದೆ, ನಿಯಮವೂ ಉಳಿಯುತ್ತದೆ. ಇಬ್ಬರ ನಡುವೆ ಎರಡು ಮೀಟರ್ ಸಾಕು. ಚೆಂಡನ್ನು ತಿರುಗಿಸದೆ ಎರಡೂ ಕೈಯಿಂದ ಸೊಂಟದ ಮಟ್ಟದಲ್ಲಿ ತೂಗಿ ಬಿಡಿ, ಪಡೆಯುವವರ ಎದೆಯ ಎತ್ತರಕ್ಕೆ.

ದೊಡ್ಡವರ ಚೆಂಡು 5ನೇ ಅಳತೆಯದು, 28ರಿಂದ 30 ಸೆಂಟಿಮೀಟರ್ ಉದ್ದ, 410ರಿಂದ 460 ಗ್ರಾಂ ತೂಕ. ನಿಮಗೆ 4ನೇ ಅಳತೆ ಸಾಕು, ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ. ಗಾಳಿ ಸ್ವಲ್ಪ ಕಡಿಮೆ ಇಡಿ, ಹೆಬ್ಬೆರಳು ಒತ್ತಿದರೆ ಒಂದು ಸೆಂಟಿಮೀಟರಿನಷ್ಟು ಇಳಿಯುವ ಹಾಗೆ. ಗಾಳಿ ತುಂಬಿದ ಮೊಟ್ಟೆಯಾಕಾರದ ಚೆಂಡು ಮರದ ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೆ ಅಂತ ಯಾರೂ ಹೇಳಲಾರರು. ಎರಡೂ ವಿಂಗ್‌ನಲ್ಲಿ ಒಂದೊಂದು ಹೆಚ್ಚುವರಿ ಚೆಂಡು ಇರಲಿ.

ಚೆಂಡು ಕೈ ಜಾರಿದರೆ? ಅದಕ್ಕೂ ಆಟದಲ್ಲೇ ಉತ್ತರ ಇದೆ. ಮುಂದಕ್ಕೆ ಬಿದ್ದರೆ ರೆಫರಿ ಸೀಟಿ ಊದಿ "ನಾಕ್ ಆನ್" ಅನ್ನಲಿ. ವೇದಿಕೆಯಿಂದ ಆಚೆ ಹೋದರೆ "ಟಚ್". ಎರಡಕ್ಕೂ ಒಂದೊಂದು ಮಾತು, ಮುಂದಿನ ದೃಶ್ಯಕ್ಕೆ ಸೇರಿಕೊಳ್ಳುವ ಜಾಗ ಮೊದಲೇ ನಿಗದಿ ಮಾಡಿಡಿ. ರೆಫರಿಯ ಪಾತ್ರಕ್ಕೆ ನಿಮ್ಮಲ್ಲಿ ಸಮಯಸ್ಫೂರ್ತಿ ಇರುವ ಹಿರಿಯ ನಟರನ್ನು ಹಾಕಿ. ಓಟ ಕಡಿಮೆ, ಹಿಡಿತ ಪೂರ್ತಿ ಅವರದು.

ಅಂಕ ಕೂಡಿ ಬರಬೇಕು. ಟ್ರೈಗೆ 5, ಅದರ ಮೇಲಿನ ಕನ್ವರ್ಷನ್‌ಗೆ 2, ಪೆನಾಲ್ಟಿ ಕಿಕ್‌ಗೆ (ಎದುರಾಳಿಯ ತಪ್ಪಿಗೆ ಸಿಗುವ ಒದೆತ) 3, ಡ್ರಾಪ್ ಗೋಲ್‌ಗೆ (ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಒದ್ದ ಗೋಲು) 3. ಕೊನೆಯ ಕಿಕ್ ಮೇಲೆ ಎಲ್ಲ ನಿಲ್ಲಬೇಕಾದರೆ ನಿಮ್ಮ ತಂಡ ಆರು ಅಂಕ ಹಿಂದಿರಬೇಕು. ಉದಾಹರಣೆಗೆ 13–19. ನಿಮ್ಮ 13 ಅಂದರೆ ಕನ್ವರ್ಟ್ ಆದ ಒಂದು ಟ್ರೈ, ಎರಡು ಪೆನಾಲ್ಟಿ. ಅವರ 19 ಅಂದರೆ ಕನ್ವರ್ಟ್ ಆದ ಒಂದು ಟ್ರೈ, ನಾಲ್ಕು ಪೆನಾಲ್ಟಿ. ಕೊನೆಯಲ್ಲಿ ಟ್ರೈ ಸಿಕ್ಕರೆ 18–19. ಕಿಕ್ ಒಳಗೆ ಹೋದರೆ ಗೆಲುವು, ತಪ್ಪಿದರೆ ಸೋಲು. ಡ್ರಾ ಆಗುವ ದಾರಿಯೇ ಇಲ್ಲ.

ಇನ್ನು ಮೂರು ನಿಯಮ ನಾಟಕಕಾರರಿಗೆ ತಿಳಿಸಿ, ಅವರು ಬಿಡುವುದಿಲ್ಲ. 80 ನಿಮಿಷ ಮುಗಿದರೂ ಚೆಂಡು ಜೀವಂತ ಇರುವವರೆಗೆ ಆಟ ನಿಲ್ಲುವುದಿಲ್ಲ, ಆಗ ಟ್ರೈ ಬಂದರೆ ಕನ್ವರ್ಷನ್‌ಗೂ ಅವಕಾಶ ಇದೆ. ಟ್ರೈ ಎಲ್ಲಿ ಆಯಿತೋ ಅದರ ನೇರದಲ್ಲೇ ಕಿಕ್ ತೆಗೆದುಕೊಳ್ಳಬೇಕು, ಹಾಗಾಗಿ ಮೂಲೆಯಲ್ಲಿ ಆದ ಟ್ರೈ ಕಿಕ್ ಮಾಡುವವನಿಗೆ ಕಷ್ಟದ ಕೋನ ಕೊಡುತ್ತದೆ. ಕಿಕ್‌ಗೆ ಈಗಿನ ನಿಯಮದಲ್ಲಿ 60 ಸೆಕೆಂಡ್ ಕಾಲಾವಕಾಶ, ಅವನು ಓಡಲು ಶುರು ಮಾಡಿದೊಡನೆ ಎದುರಾಳಿಗಳು ಗೋಲ್ ಗೆರೆಯಿಂದ ಮುನ್ನುಗ್ಗಬಹುದು. ಆ 60 ಸೆಕೆಂಡನ್ನು ರಂಗದ ಮೇಲೆ ಪೂರ್ತಿ, ನಿಜವಾದ ಗಡಿಯಾರದ ಪ್ರಕಾರವೇ ನಡೆಸಿ. ಹನ್ನೆರಡು ನಿಮಿಷದಲ್ಲಿ ಕಾಲವನ್ನು ಹಿಗ್ಗಿಸದೆ ಕುಗ್ಗಿಸದೆ ತೋರಿಸುವ ಜಾಗ ಅದೊಂದೇ ಆಗಿರಲಿ.

ಗೋಲ್ ಕಂಬ ಮಾಡಿಸಲು ಹೋಗಬೇಡಿ. ಎರಡು ಕಂಬದ ನಡುವೆ 5.6 ಮೀಟರ್, ಅಡ್ಡಪಟ್ಟಿ 3 ಮೀಟರ್ ಎತ್ತರ. ನಿಮ್ಮ ವೇದಿಕೆಯೇ ಏಳು ಮೀಟರ್ ಚಿಲ್ಲರೆ. ಕಂಬ ಸಭಾಂಗಣದ ಹಿಂಗೋಡೆಯಲ್ಲಿದೆ ಅಂದುಕೊಳ್ಳಿ. ಅಲ್ಲಿ ಎಲ್ಲರಿಗೂ ಕಾಣುವ ಒಂದು ಗುರುತು ಆರಿಸಿ, ಬಾಗಿಲ ಮೇಲಿನ ದೀಪವಾದರೂ ಸರಿ. ಕಿಕ್ ಮಾಡುವವರು ಚೆಂಡಿಗೆ ಬೆನ್ನು ಕೊಟ್ಟು ಹಿಂದೆ ಹೋಗುವಾಗ, ಪಕ್ಕದಲ್ಲಿ ಮಂಡಿಯೂರಿದವರು ಚೆಂಡನ್ನು ಮೈ ಹಿಂದೆ ಸರಿಸಲಿ. ಓಟ, ಕಾಲು ಬೀಸು, "ಢಬ್" ಸದ್ದು. ಆಮೇಲೆ ಎಂಟು ಜೊತೆ ಕಣ್ಣು ಒಟ್ಟಿಗೆ ಮೇಲೇರಿ, ಮೂರು ಎಣಿಕೆಯಲ್ಲಿ ಆ ಗುರುತಿಗೆ ಬಂದು ನಿಲ್ಲಬೇಕು. ಒಬ್ಬರ ಕಣ್ಣು ಬೇರೆಲ್ಲೋ ಇದ್ದರೂ ಸಭಿಕರಿಗೆ ಎರಡು ಚೆಂಡು ಕಾಣುತ್ತವೆ. ಇದೊಂದನ್ನೇ ಪ್ರತಿ ತಾಲೀಮಿನಲ್ಲೂ ಹತ್ತು ನಿಮಿಷ ಮಾಡಿ.

ಸೂಜಿದಾರ:

ಬಟ್ಟೆ, ಬೂಟಿನ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಸ್ಟಡ್ (ಅಡಿಯಲ್ಲಿ ಚಾಚಿದ ಮೊಳೆಯಂಥ ಗುಬಟು) ಇರುವ ಬೂಟು ಮರದ ನೆಲದ ಮೇಲೆ ಜಾರುತ್ತದೆ, ನೆಲವನ್ನೂ ಕೆರೆಯುತ್ತದೆ, ಬಿದ್ದವರ ಕೈ ತುಳಿದರೆ ಗಾಯ. ಚಪ್ಪಟೆ ರಬ್ಬರ್ ಅಡಿಯ ಒಳಾಂಗಣ ಶೂ ತೆಗೆದುಕೊಂಡು ಕಪ್ಪು ಬಣ್ಣ, ಬಿಳಿ ಪಟ್ಟೆ ಬಳಿಯಿರಿ. ಕೃತಕ ಹುಲ್ಲಿನ ಹಾಸು ನೋಡಲು ಚೆಂದ, ಆದರೆ ಮೊಣಕೈ, ಮಂಡಿಯ ಚರ್ಮ ಸುಲಿಯುತ್ತದೆ, ಅಂಚು ಎದ್ದು ಕಾಲಿಗೆ ಸಿಕ್ಕುತ್ತದೆ. ಬರೀ ಮರದ ನೆಲಕ್ಕೆ ಬಿಳಿ ಬಟ್ಟೆ ಟೇಪಿನ ಗೆರೆ ಸಾಕು.

ಜರ್ಸಿ ಮುಂದೆ ಒಂದು ಬಣ್ಣ, ಹಿಂದೆ ಇನ್ನೊಂದು ಬಣ್ಣ ಮಾಡಿ, ತಿರುಗಿ ನಿಂತರೆ ಎದುರಾಳಿ ತಂಡ ಅನ್ನುವ ಉಪಾಯ ಓಟದ ದೃಶ್ಯಕ್ಕೆ ಚೆನ್ನ. ಸ್ಕ್ರಮ್‌ನಲ್ಲಿ ಕೆಡುತ್ತದೆ, ಬಗ್ಗಿದಾಗ ಎಲ್ಲರ ಬೆನ್ನೂ ಕಾಣುವುದರಿಂದ ಎರಡೂ ಕಡೆ ಒಂದೇ ಬಣ್ಣ. ಮೆತ್ತೆ ಇರುವ ಸ್ಕ್ರಮ್ ಕ್ಯಾಪ್ ಇದಕ್ಕಿಂತ ಒಳ್ಳೆಯದು. ಆಟಗಾರರು ನಿಜವಾಗಿ ಹಾಕುವ ವಸ್ತು, ಎರಡು ಸೆಕೆಂಡಿನಲ್ಲಿ ಹಾಕಬಹುದು, ತಲೆಗೂ ರಕ್ಷಣೆ. ಕ್ಯಾಪ್ ಹಾಕಿದರೆ ಎದುರಾಳಿ, ತೆಗೆದರೆ ನಮ್ಮವರು. ಮೊದಲ ಬದಲಾವಣೆಯನ್ನು ಸಭಿಕರ ಎದುರೇ ನಿಧಾನವಾಗಿ ಮಾಡಿ ತೋರಿಸಿ, ಆಮೇಲೆ ಅವರಿಗೆ ಗೊಂದಲ ಇರುವುದಿಲ್ಲ. ಗಲ್ಲದ ಪಟ್ಟಿಗೆ ವೆಲ್ಕ್ರೋ ಇರಲಿ, ಲೋಹದ ಬಟನ್ ಬೇಡ.

ಜರ್ಸಿಯ ಭುಜ, ಕಂಕುಳ ಹೊಲಿಗೆ ಎರಡೆರಡು ಸಲ ಹಾಕಿಸಿ, ಬೈಂಡ್ ಮಾಡುವಾಗ ಕಿತ್ತುಬರುವುದು ಅಲ್ಲಿಂದಲೇ. ಪಾಕೆಟ್, ಜಿಪ್ ಬೇಡ. ಮಂಡಿಗೆ ತೆಳ್ಳನೆ ಪ್ಯಾಡ್ ಹಾಕಿ ಮೇಲೆ ಉದ್ದ ಕಾಲುಚೀಲ ಎಳೆಯಿರಿ. ಉಂಗುರ, ಓಲೆ, ಬಳೆ, ಗಡಿಯಾರ ಎಲ್ಲವನ್ನೂ ಗ್ರೀನ್ ರೂಮಿನಲ್ಲೇ ತೆಗೆದಿಡಬೇಕು. ಕೆಸರು ಬೇಕಾದರೆ ಬಟ್ಟೆಗೆ ಕಂದು ಬಣ್ಣವನ್ನು ಸ್ಪಂಜಿನಿಂದ ಒತ್ತಿ ಒಣಗಿಸಿ. ಹಸಿ ಕೆಸರು, ನೀರು ಯಾವುದೂ ನೆಲಕ್ಕೆ ಬೀಳಬಾರದು. ಹಲ್ಲಿನ ಗಾರ್ಡ್ ಮಾತಿಲ್ಲದವರಿಗೆ ಮಾತ್ರ.

ಅಂದ ಹಾಗೆ ಬೆನ್ನ ನಂಬರ್ ಮನಸ್ಸಿಗೆ ಬಂದಂತೆ ಹಾಕಬೇಡಿ. 1 ಮತ್ತು 3 ಪ್ರಾಪ್, 2 ಹೂಕರ್, 4 ಮತ್ತು 5 ಲಾಕ್, 9 ಸ್ಕ್ರಮ್ ಹಾಫ್, 10 ಫ್ಲೈ ಹಾಫ್ (ಸ್ಕ್ರಮ್ ಹಾಫ್‌ನಿಂದ ಚೆಂಡು ಪಡೆದು ಆಟ ನಡೆಸುವವರು).

ಅರೆಪರದೆ:

ಎಲ್ಲರಿಗೂ ತುಂಬಾ ಧನ್ಯವಾದ. 13–19 ಲೆಕ್ಕ ನಾಟಕಕಾರರಿಗೆ ಕಳಿಸಿದ್ದೇನೆ. ಇನ್ನೆರಡು ಪ್ರಶ್ನೆ. ಹೆಣ್ಣುಮಕ್ಕಳು, ಗಂಡಸರು ಬೆರೆತ ಸ್ಕ್ರಮ್‌ನಲ್ಲಿ ಯಾರು ಎಲ್ಲಿ ಹಿಡಿಯಬೇಕು ಅನ್ನುವುದನ್ನು ಹೇಗೆ ನಿಗದಿ ಮಾಡುವುದು? ಓಡಿದ ತಕ್ಷಣ ಮಾತು ಇದೆ, ಉಸಿರು ಸಾಲುತ್ತಿಲ್ಲ. ಏನು ಮಾಡಬೇಕು?

ಪಟ್ಟುಗಾರ:

ಹಿಡಿತದ ಜಾಗವನ್ನು ನಿರ್ದೇಶಕರು ಆಜ್ಞೆ ಮಾಡಬಾರದು. ಜೋಡಿ ಜೋಡಿಯಾಗಿ ನಿಂತು ಪ್ರತಿಯೊಬ್ಬರೂ ಎಲ್ಲಿ ಹಿಡಿಯಬಹುದು, ಎಲ್ಲಿ ಬೇಡ ಅಂತ ತಾವೇ ಕೈಯಿಟ್ಟು ತೋರಿಸಲಿ, ವೇದಿಕೆ ನಿರ್ವಾಹಕರು ಬರೆದಿಟ್ಟುಕೊಳ್ಳಲಿ. ಯಾವತ್ತು ಬೇಕಾದರೂ ಬದಲಿಸುವ ಹಕ್ಕು ಅವರಿಗಿರಬೇಕು. ಸಾಮಾನ್ಯವಾಗಿ ಸ್ಕ್ರಮ್‌ನಲ್ಲಿ ಬೆನ್ನಿನ ಮೇಲ್ಭಾಗದ ಬಟ್ಟೆ, ಟ್ಯಾಕಲ್‌ನಲ್ಲಿ ಮಂಡಿಗಿಂತ ಸ್ವಲ್ಪ ಮೇಲಿನ ಹೊರತೊಡೆ ಎಲ್ಲರಿಗೂ ಒಪ್ಪಿಗೆಯಾಗುತ್ತದೆ. ಆಟದಲ್ಲಿ ಲಾಕ್‌ಗಳು ಪ್ರಾಪ್‌ನ ಕಾಲುಗಳ ನಡುವಿಂದ ಕೈ ಹಾಕಿ ಹಿಡಿಯುವುದುಂಟು. ನಾಟಕಕ್ಕೆ ಅದು ಬೇಡ, ಸೊಂಟದ ಹೊರಗಿನಿಂದ ಹಿಡಿದರೂ ಸಭಿಕರಿಗೆ ಒಂದೇ.

ಐವತ್ತು ದಾಟಿದವರನ್ನು ಮುಂದಿನ ಸಾಲಿಗೆ ಹಾಕಬೇಡಿ. ಕತ್ತು, ಸೊಂಟ, ಮಂಡಿಯ ಹಳೇ ನೋವು ಯಾರಿಗೆ ಇದೆ ಅಂತ ಪಾತ್ರ ಹಂಚುವ ಮೊದಲೇ ಕೇಳಿ.

ಉಸಿರಿಗೆ ಪರಿಹಾರ ಸ್ಕ್ರಿಪ್ಟಿನಲ್ಲಿದೆ. ಮುಂದೆ ಮಾತನಾಡಬೇಕಾದವರು ಅದರ ಹಿಂದಿನ ಚಲನೆಯಲ್ಲಿ ಓಡಬಾರದು. ಮೈದಾನದಲ್ಲಿನ ಮಾತು ನಾಲ್ಕೈದು ಪದ ದಾಟಬಾರದು, ಉದ್ದದ್ದೇನಿದ್ದರೂ ಸ್ಕ್ರಮ್ ಕಟ್ಟುವಾಗಲೋ ಸೀಟಿ ಬಿದ್ದ ಮೇಲೋ. ಏದುಸಿರನ್ನು ಬೇಕಂತಲೇ ನಟಿಸಬೇಡಿ. ಜೋರಾಗಿ ಬೇಗ ಬೇಗ ಉಸಿರಾಡುತ್ತಿದ್ದರೆ ತಲೆ ಸುತ್ತುತ್ತದೆ, ಅದೂ ಬಗ್ಗಿ ನಿಂತಾಗ. ಭುಜ ಮಾತ್ರ ಏರಿಳಿಯಲಿ, ಉಸಿರು ನಿಧಾನವಾಗಿ ಹೊಟ್ಟೆಯಿಂದ ಬರಲಿ.

ಪ್ರತಿ ಪ್ರದರ್ಶನಕ್ಕೆ ಮುಂಚೆ ಅದೇ ಶೂ, ಅದೇ ನೆಲದ ಮೇಲೆ ಮೈತಾಗುವ ಎಲ್ಲ ಚಲನೆಗಳನ್ನೂ ಒಮ್ಮೆ ಅರ್ಧ ವೇಗದಲ್ಲಿ, ಒಮ್ಮೆ ಮುಕ್ಕಾಲು ವೇಗದಲ್ಲಿ ಮಾಡಿ. ಅವತ್ತು ಒಬ್ಬರಿಗೆ ಮೈ ಸರಿಯಿಲ್ಲದಿದ್ದರೆ ಆ ಟ್ಯಾಕಲ್ ಇಲ್ಲದ ಬದಲಿ ದಾರಿ ಸಿದ್ಧವಿರಬೇಕು. ಆಟ ನಿಲ್ಲಿಸಲು ಒಂದು ಸಂಕೇತ ಬೇಕು. ಸೀಟಿಯಾಗಲಿ "ನಿಲ್ಲಿ" ಅನ್ನುವುದಾಗಲಿ ನಾಟಕದ ಮಾತಿನೊಳಗೆ ಕಳೆದುಹೋಗುತ್ತದೆ. ನಟರ ನಿಜವಾದ ಹೆಸರು ಕೂಗಿದರೆ ಎಲ್ಲರೂ ಇದ್ದಲ್ಲೇ ಬಿಟ್ಟು ನಿಲ್ಲಬೇಕು ಅಂತ ಇಟ್ಟುಕೊಳ್ಳಿ.

ಝೀರೋ ಕ್ಯೂ:

ಬೆಳಕು ಮತ್ತು ಸದ್ದಿನ ಬಗ್ಗೆ ನಾಲ್ಕು ಮಾತು. ಮುಂದಿನಿಂದ ಬೀಳುವ ಬೆಳಕು ಮೈಗಳನ್ನು ಗೋಡೆಗೆ ಅಂಟಿಸಿದ ಹಾಗೆ ಚಪ್ಪಟೆ ಮಾಡುತ್ತದೆ. ಪಂದ್ಯ ಶುರುವಾದಾಗ ಅದನ್ನು ಕಾಲುಭಾಗಕ್ಕೆ ಇಳಿಸಿ, ವಿಂಗ್‌ಗಳಿಂದ ಎರಡು ಎತ್ತರದಲ್ಲಿ ಪಕ್ಕದ ಬೆಳಕು ಕೊಡಿ: ಒಂದು ನೆಲದಿಂದ ಒಂದಡಿ ಮೇಲೆ, ಇನ್ನೊಂದು ಐದಡಿಯಲ್ಲಿ. ಕಾಲಿನ ಸ್ನಾಯು, ಬಾಗಿದ ಬೆನ್ನು ಎರಡೂ ಎದ್ದು ಕಾಣುತ್ತವೆ. ಆದರೆ ಆ ದೀಪದ ಕಡೆಗೆ ಓಡಿ ಹೊರಹೋಗುವವರಿಗೆ ಏನೂ ಕಾಣುವುದಿಲ್ಲ. ವಿಂಗ್ ಒಳಗೆ ಆರಡಿಯಾದರೂ ಖಾಲಿ ಇರಲಿ, ಒಬ್ಬರು ನಿಂತು ಹಿಡಿದುಕೊಳ್ಳಲಿ, ಸ್ಟ್ಯಾಂಡಿನ ಕಾಲಿಗೆ ಹೊಳೆಯುವ ಟೇಪ್ ಸುತ್ತಿ, ವೈರ್‌ಗಳನ್ನು ನೆಲಕ್ಕೆ ಅಂಟಿಸಿ.

ಸ್ಟ್ರೋಬ್ (ಬೇಗ ಬೇಗ ಮಿನುಗುವ ದೀಪ) ಬೇಡ ಅನ್ನುತ್ತೇನೆ. ಮೂರ್ಛೆರೋಗ ಇರುವವರಿಗೆ ಅಪಾಯ, ಬಳಸಿದರೆ ಬಾಗಿಲಲ್ಲೇ ಎಚ್ಚರಿಕೆ ಫಲಕ ಹಾಕಬೇಕು. ನಟರಿಗೂ ದೂರದ ಅಂದಾಜು ತಪ್ಪುತ್ತದೆ, ಟ್ಯಾಕಲ್ ಅದರಲ್ಲಿ ಮಾಡುವಂತಿಲ್ಲ. ನಿಧಾನಗತಿ ಬೇಕಾದಲ್ಲಿ ಬೆಳಕನ್ನು ತಣ್ಣನೆ ನೀಲಿಗೆ ತಿರುಗಿಸಿ, ಪಕ್ಕದ ಒಂದೇ ಕಡೆ ಉಳಿಸಿ.

ಜನರ ಗದ್ದಲವನ್ನು ಒಂದೇ ಟ್ರ್ಯಾಕ್ ಮಾಡಬೇಡಿ. ಸದಾ ಇರುವ ಗುಜುಗುಜು, ಏರುವ ಕೂಗು, ಸ್ಫೋಟಿಸುವ ಕೂಗು, ಮೂರನ್ನೂ ಬೇರೆ ಬೇರೆ ಇಟ್ಟು ಆಪರೇಟರ್ ಕೈಯಲ್ಲಿ ಏರಿಳಿಸಲಿ, ನಟರ ಓಟ ದಿನಕ್ಕೊಂದು ವೇಗದಲ್ಲಿರುತ್ತದೆ. ಸ್ಪೀಕರ್ ಸಭಿಕರ ಹಿಂದಿರಲಿ. ಮಾತಿಗೆ ಮುಂಚೆ ಗದ್ದಲ ಇಳಿಯಬೇಕು, ಮಾತು ಶುರುವಾದ ಮೇಲೆ ಇಳಿಸಿದರೆ ಮೊದಲೆರಡು ಪದ ಹೋದವು ಅಂತಲೇ. ನಿಜವಾದ ರೆಫರಿ ಸೀಟಿ ಚಿಕ್ಕ ಸಭಾಂಗಣದಲ್ಲಿ ಕಿವಿ ಕೊರೆಯುತ್ತದೆ. ಹಿಂಪರದೆಯ ಕಡೆ ಮುಖ ಮಾಡಿ ಚಿಕ್ಕದಾಗಿ ಊದಲಿ.

ಕಿಕ್ ಹೊತ್ತಿಗೆ ಮೂರೂ ಟ್ರ್ಯಾಕ್ ಪೂರ್ತಿ ಬಂದ್ ಮಾಡಿ, ನಿಧಾನವಾಗಿ ಅಲ್ಲ, ಒಮ್ಮೆಲೇ. "ಢಬ್" ಸದ್ದಿನ ಕ್ಯೂ ಆಪರೇಟರ್ ಕೈಯಲ್ಲಿ ಬೇಡ, ಅವರು ಹಿಂದೆ ಕೂತಿರುತ್ತಾರೆ, ಅರ್ಧ ಸೆಕೆಂಡ್ ತಡವಾದರೂ ಭ್ರಮೆ ಹೋಯಿತು. ಪಟ್ಟುಗಾರ ಅವರು ಹೇಳಿದ ಆ ಮರದ ಪೆಟ್ಟಿಗೆಯವರೇ ವಿಂಗ್‌ನಲ್ಲಿ ಕಾಲನ್ನೇ ನೋಡುತ್ತಾ ಕುಟ್ಟಲಿ.